ಆಟಕ್ಕೆ ಕತ್ತರಿ ಹಿಡಿದ ಕಾರಂತರು

ಶಿವರಾಮ ಕಾರಂತ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಜ್ಞಾನಪೀಠ, ‘ಮೂಕಜ್ಜಿಯ ಕನಸುಗಳು’, ಮತ್ತೆ ಬಿಳಿ ಕೂದಲಿನ ಆ ಫೋಟೋ. ಕಡಲತೀರದ ಭಾರ್ಗವ ಯಾರು ಅಂತ ಕ್ವಿಜ್‌ನಲ್ಲಿ ಕೇಳಿದ್ರೆ ಬಜರ್ ಒತ್ತುವಷ್ಟು ಎಲ್ಲರಿಗೂ ಗೊತ್ತುಂಟು. ಈ ಲೇಖನದಲ್ಲಿ ಕಾದಂಬರಿಗಳ ಬಗ್ಗೆ ಹೆಚ್ಚು ಇಲ್ಲ. ಅವರು ಮಾಡಿದ ಇನ್ನೊಂದು ಕೆಲಸದ ಬಗ್ಗೆ ಹೇಳಬೇಕು. ರಾತ್ರಿಯಿಡೀ ನಡೆಯುವ ಯಕ್ಷಗಾನವನ್ನು ಬಿಚ್ಚಿ, ಕನ್ನಡದ ಒಂದು ಅಕ್ಷರವೂ ಬಾರದವರ ಮುಂದೆ ಆಡುವ ಹಾಗೆ ಮತ್ತೆ ಜೋಡಿಸಿದ ಕೆಲಸ ಅದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಎಕ್ಸ್‌ಪೋರ್ಟ್ ವರ್ಷನ್.

ಪಾಪ್ ಮ್ಯೂಸಿಕ್ ಕೇಳುವವರಿಗೆ ಎಕ್ಸ್‌ಪೋರ್ಟ್ ವರ್ಷನ್ ಹೊಸದಲ್ಲ. ಕೊರಿಯಾದ ಬ್ಯಾಂಡ್‌ಗಳು ಜಪಾನಿಗೆ ಅಂತಲೇ ಜಪಾನಿ ಭಾಷೆಯ ಆಲ್ಬಂ ಮಾಡುತ್ತವೆ. ಸ್ವೀಡನ್ನಿನ ಅಬ್ಬಾ ತಂಡ 1980ರಲ್ಲಿ ತನ್ನ ಹಳೇ ಹಾಡುಗಳನ್ನೇ ಸ್ಪ್ಯಾನಿಷ್‌ನಲ್ಲಿ ಹಾಡಿ ಒಂದು ಆಲ್ಬಂ ತಂದಿತು. ಎಲ್ಲಕ್ಕಿಂತ ಹೆಸರಾದದ್ದು ಬೀಟಲ್ಸ್ ಕಥೆ. 1965ರ ಡಿಸೆಂಬರ್‌ನಲ್ಲಿ ಬಂದ ಅವರ ‘ರಬ್ಬರ್ ಸೋಲ್’ ಆಲ್ಬಂನಲ್ಲಿ ಇಂಗ್ಲೆಂಡಿನವರಿಗೆ 14 ಹಾಡು ಸಿಕ್ಕಿತು. ಅಮೆರಿಕದಲ್ಲಿ ಕ್ಯಾಪಿಟಲ್ ಕಂಪನಿ ಅದರಿಂದ 4 ಹಾಡು ತೆಗೆದು, ಹಿಂದಿನ ಆಲ್ಬಂನಿಂದ 2 ಸೇರಿಸಿ, 12 ಹಾಡಿನ ಬೇರೆಯೇ ಒಂದು ‘ರಬ್ಬರ್ ಸೋಲ್’ ಮಾರಿತು. ಹೀಗೆ ಕತ್ತರಿಸುವುದು ಬೀಟಲ್ಸ್‌ನವರಿಗೆ ಇಷ್ಟ ಇರಲಿಲ್ಲ. ಆದರೆ ತಮಾಷೆ ನೋಡಿ, ಬೀಚ್ ಬಾಯ್ಸ್‌ನ ಬ್ರಯಾನ್ ವಿಲ್ಸನ್ ಕೇಳಿ ದಂಗಾಗಿ, ‘ಪೆಟ್ ಸೌಂಡ್ಸ್’ ಮಾಡಲು ಹೊರಟದ್ದು ಆ ಕತ್ತರಿ ಬಿದ್ದ ಅಮೆರಿಕನ್ ಆಲ್ಬಂ ಕೇಳಿಯೇ.

ಅಲ್ಲಿ ಕತ್ತರಿ ಇದ್ದದ್ದು ಕಂಪನಿಯ ಕೈಯಲ್ಲಿ. ನಮ್ಮ ಕರಾವಳಿಯ ಕಥೆಯಲ್ಲಿ ಕತ್ತರಿ ಹಿಡಿದವರು ಆ ಕಲೆಯನ್ನು ಬೇರೆ ಯಾರಿಗಿಂತಲೂ ಹೆಚ್ಚು ಹುಡುಕಾಡಿ ಓದಿದ್ದ ಮನುಷ್ಯ.

ಕೋಟ ಶಿವರಾಮ ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಈಗಿನ ಉಡುಪಿ ಜಿಲ್ಲೆಯ ಕೋಟದಲ್ಲಿ. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮ. ಕೋಟ, ಸಾಲಿಗ್ರಾಮ, ಬ್ರಹ್ಮಾವರ ಅಂದರೆ ಬಡಗುತಿಟ್ಟಿನ ನಡುಮನೆ. ಊರಲ್ಲಿ ಆಟ ಇದ್ದೇ ಇತ್ತು. ಕುಂದಾಪುರದಲ್ಲಿ ಹೈಸ್ಕೂಲು ಮುಗಿಸಿ ಮಂಗಳೂರಿಗೆ ಕಾಲೇಜಿಗೆ ಹೋದ ಹುಡುಗ, ಗಾಂಧೀಜಿಯ ಅಸಹಕಾರ ಚಳುವಳಿಯ ಕರೆ ಕೇಳಿ ಓದು ಬಿಟ್ಟ. ಅಂದರೆ ಡ್ರಾಪ್‌ಔಟ್. ನಮ್ಮ ಹಾಸ್ಟೆಲಿನಲ್ಲಿ ಬ್ಯಾಕ್‌ಲಾಗ್ ಆದಾಗಲೆಲ್ಲ ಸ್ಟೀವ್ ಜಾಬ್ಸ್ ಹೆಸರು ಹೇಳುವವರು ಬೇಕಾದರೆ ಈ ಹೆಸರನ್ನೂ ಬಳಸಿಕೊಳ್ಳಬಹುದು. ಆದರೆ ಓದು ಬಿಟ್ಟ ಮೇಲೆ ಕಾರಂತರು ಓದಿದಷ್ಟು ಓದಲೂ ಬೇಕಾಗುತ್ತದೆ, ಅದೊಂದು ಕಷ್ಟ.

ಆಮೇಲೆ ಅವರು ಕೈ ಹಾಕದ ಕ್ಷೇತ್ರ ಇಲ್ಲ. ಖಾದಿ ಮಾರಿದರು, ‘ವಸಂತ’ ಅಂತ ಪತ್ರಿಕೆ ನಡೆಸಿದರು. 1930ರಲ್ಲಿ ‘ಡೊಮಿಂಗೊ’ ಅನ್ನುವ ಮೂಕಿ ಸಿನಿಮಾ ತೆಗೆದರು. ಸಹಕಾರಿ ಚಳುವಳಿಯ ಮೊಳಹಳ್ಳಿ ಶಿವರಾಯರ ಒತ್ತಾಸೆಯಿಂದ ಪುತ್ತೂರಿನಲ್ಲಿ ನೆಲೆಸಿದರು. ಅಲ್ಲಿ ಪರ್ಲಡ್ಕದಲ್ಲಿ ಮಕ್ಕಳಿಗಾಗಿ ಕಟ್ಟಿದ್ದು ಬಾಲವನ. 1933ರಲ್ಲಿ ‘ಚೋಮನ ದುಡಿ’ ಬಂತು. 1936ರಲ್ಲಿ ಮಕ್ಕಳ ವಿಶ್ವಕೋಶ ‘ಬಾಲಪ್ರಪಂಚ’, ಮೂರು ಸಂಪುಟ. ಅದೇ ವರ್ಷ ಜಾತಿ ಲೆಕ್ಕಿಸದೆ ಬಂಟ ಸಮುದಾಯದ ಲೀಲಾ ಅವರನ್ನು ಮದುವೆಯಾದರು. ಆ ಕಾಲಕ್ಕೆ ಅದು ಎಷ್ಟು ಗಲಾಟೆಯ ವಿಷಯ ಅಂತ ನಾವು ಊಹಿಸಿಕೊಳ್ಳಬೇಕಷ್ಟೆ. ಲೀಲಾ ಅವರೂ ನೃತ್ಯ, ನಾಟಕಗಳಲ್ಲಿ ಅವರ ಜೊತೆಗಿದ್ದರು.

ಮುಂದೆ ‘ವಿಜ್ಞಾನ ಪ್ರಪಂಚ’ ನಾಲ್ಕು ಸಂಪುಟ ಬಂತು. ಕಾಲೇಜು ಮುಗಿಸದ ಒಬ್ಬರೇ ಕೂತು ಕನ್ನಡದಲ್ಲಿ ವಿಜ್ಞಾನದ ವಿಶ್ವಕೋಶ ಬರೆದದ್ದು ಅಂದರೆ ನನಗಂತೂ ಈಗಲೂ ನಂಬಲು ಕಷ್ಟ. ಎರಡು ಪೇಜಿನ ಲ್ಯಾಬ್ ರಿಪೋರ್ಟ್ ಬರೆಯುವಾಗ ನಮ್ಮ ಗತಿ ಏನಾಗುತ್ತದೆ ಅಂತ ನಮಗೇ ಗೊತ್ತಲ್ಲ.

ಈಗ ಯಕ್ಷಗಾನಕ್ಕೆ ಬರೋಣ.

ಕಾರಂತರು ಆಟದ ಮೇಳದ ಮನೆತನದವರಲ್ಲ. ಅವರು ಅದನ್ನು ಹಿಡಿದದ್ದು ಒಬ್ಬ ರಿಸರ್ಚರ್ ಹಿಡಿಯುವ ಹಾಗೆ. ಹಳೇ ಪ್ರಸಂಗಗಳ ತಾಳೆಗರಿ ಹುಡುಕಿಕೊಂಡು ಮನೆ ಮನೆ ತಿರುಗಿದರು. ವಯಸ್ಸಾದ ಭಾಗವತರನ್ನು ಕೂರಿಸಿ ಹಾಡಿಸಿದರು, ಯಾವ ಪದ್ಯಕ್ಕೆ ಯಾವ ರಾಗ, ಯಾವುದು ಮರೆತುಹೋಗಿದೆ ಅಂತ ಪಟ್ಟಿ ಮಾಡಿದರು. ಮುಖವರ್ಣಿಕೆ, ಮುಂಡಾಸು ಕಟ್ಟುವ ಕ್ರಮ, ಕುಣಿತದ ಹೆಜ್ಜೆ ಎಲ್ಲವನ್ನೂ ಬರೆದಿಟ್ಟರು. ಅದೆಲ್ಲ ಸೇರಿ 1957ರಲ್ಲಿ ‘ಯಕ್ಷಗಾನ ಬಯಲಾಟ’ ಅನ್ನುವ ದೊಡ್ಡ ಪುಸ್ತಕವಾಯಿತು. ಕಾರಂತರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಯಾವ ಕಾದಂಬರಿಗೆ ಅಂತ ಕೇಳಿದರೆ ಎಲ್ಲರೂ ತಪ್ಪು ಉತ್ತರ ಕೊಡುತ್ತಾರೆ. ಅದು ಬಂದದ್ದು ಈ ಪುಸ್ತಕಕ್ಕೆ, 1959ರಲ್ಲಿ.

ಪುಸ್ತಕ ಎಲ್ಲರಿಗೂ ಖುಷಿ ಕೊಟ್ಟಿತು ಅಂತಲ್ಲ. ಪಾರ್ತಿಸುಬ್ಬ ಯಾರು, ರಾಮಾಯಣ ಪ್ರಸಂಗಗಳು ಯಾರದ್ದು ಅನ್ನುವ ವಿಷಯದಲ್ಲಿ ಕಾರಂತರಿಗೂ ಕುಂಬಳೆ ಕಡೆಯ ತೆಂಕುತಿಟ್ಟಿನ ವಿದ್ವಾಂಸರಿಗೂ ವರ್ಷಗಟ್ಟಲೆ ಜಟಾಪಟಿ ನಡೆಯಿತು. ನಮ್ಮ ಪುಂಜಾಲಕಟ್ಟೆ ಕಡೆಯವರು ತೆಂಕಿನವರು. ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ರಸ್ತೆಯ ಆಚೀಚಿನ ಗದ್ದೆಗಳಲ್ಲಿ ಕಟೀಲು, ಧರ್ಮಸ್ಥಳ ಮೇಳಗಳ ಆಟ ನೋಡಿ ಬೆಳೆದವರಿಗೆ ಕಾರಂತರು ಅಂದರೆ ಸ್ವಲ್ಪ ಬಡಗಿನ ಪಕ್ಷಪಾತಿ ಅನ್ನುವ ಭಾವನೆ ಇವತ್ತಿಗೂ ಉಂಟು. ಪೂರ್ತಿ ಸುಳ್ಳೂ ಅಲ್ಲ ಅದು.

ಇಷ್ಟು ಹುಡುಕಿದ ಮೇಲೆ ಕಾರಂತರಿಗೆ ಕಣ್ಣೆದುರಿನ ಆಟ ನೋಡಿ ಬೇಜಾರಾಯಿತು. ಡೇರೆ ಮೇಳಗಳು ಬಂದಿದ್ದವು, ಟಿಕೆಟ್ ಬಂದಿತ್ತು. ಟಿಕೆಟ್ ಜೊತೆಗೆ ಕಂಪನಿ ನಾಟಕದ ಪರದೆ, ಮಖಮಲ್ಲು, ಮಿಂಚುವ ಬಟ್ಟೆ, ಸಿನಿಮಾ ಧಾಟಿ ಎಲ್ಲ ಒಳಗೆ ಬಂತು. ಕೆಂಪು, ಕಪ್ಪು ಚೌಕಳಿಯ ಕೈಮಗ್ಗದ ಸೀರೆ ಕಸೆ ಉಟ್ಟು, ತಲೆಗೆ ಕೇದಗೆ ಮುಂದಲೆ ಕಟ್ಟಿಕೊಂಡು ಬರುತ್ತಿದ್ದ ಅಭಿಮನ್ಯುವಿನ ಚಂದ ಹೋಗಿಬಿಟ್ಟಿತು ಅನ್ನುವುದು ಅವರ ದೂರು. ಇನ್ನೊಂದು ದೂರು ಮಾತಿನ ಬಗ್ಗೆ. ಭಾಗವತರು ಒಂದು ಪದ್ಯ ಹಾಡಿದ ಮೇಲೆ ವೇಷಧಾರಿ ಅದಕ್ಕೆ ಅರ್ಥ ಹೇಳುತ್ತಾನೆ. ಆ ಅರ್ಥ ಬೆಳೆದು ಬೆಳೆದು, ವಾದ ಪ್ರತಿವಾದ ಆಗಿ, ಕುಣಿತ ಮತ್ತು ಹಾಡು ಮೂಲೆಗೆ ಸೇರಿದವು ಅಂತ ಅವರಿಗೆ ಅನಿಸಿತ್ತು.

ಈ ಎರಡೂ ದೂರುಗಳನ್ನು ಇಟ್ಟುಕೊಂಡೇ ಅವರು ಪ್ರಯೋಗಕ್ಕೆ ಇಳಿದರು. ಅದಕ್ಕೆ ಮೊದಲೇ ಅವರು ಗೀತನಾಟಕ, ಬ್ಯಾಲೆ ಅಂತ ಪುತ್ತೂರಿನಲ್ಲಿ ಬಹಳ ಮಾಡಿ ನೋಡಿದ್ದರು. ಯುರೋಪ್ ಸುತ್ತಿ ಬಂದು ‘ಅಪೂರ್ವ ಪಶ್ಚಿಮ’ ಬರೆದಿದ್ದರು. ಬೇರೆ ದೇಶದವರು ರಂಗದ ಮೇಲೆ ಏನು ಮಾಡುತ್ತಾರೆ, ಪ್ರೇಕ್ಷಕರು ಎಷ್ಟು ಹೊತ್ತು ಕೂರುತ್ತಾರೆ ಅಂತ ಕಣ್ಣಾರೆ ಕಂಡವರು. 1971ರಲ್ಲಿ ಉಡುಪಿಯ ಎಂಜಿಎಂ ಕಾಲೇಜಿನ ಆಶ್ರಯದಲ್ಲಿ ಯಕ್ಷಗಾನ ಕೇಂದ್ರ ಶುರುವಾಯಿತು. ಪ್ರಿನ್ಸಿಪಾಲ್ ಕು. ಶಿ. ಹರಿದಾಸ ಭಟ್ಟರು ಅದರ ಹಿಂದಿನ ಶಕ್ತಿ. ಹುಡುಗರಿಗೆ ಹೆಜ್ಜೆ ಕಲಿಸುವ ಗುರುಗಳು ಅಲ್ಲಿದ್ದರು. ಕಾರಂತರಿಗೆ ಬೇಕಾದ ಲ್ಯಾಬ್ ಸಿಕ್ಕಿದಂತಾಯಿತು. ಆ ದಶಕದಲ್ಲೇ ಅವರು ಪುತ್ತೂರು ಬಿಟ್ಟು ಸಾಲಿಗ್ರಾಮಕ್ಕೆ ವಾಸ ಬದಲಿಸಿದರು, ಉಡುಪಿ ಹತ್ತಿರವೇ ಆಯಿತು.

ಇಲ್ಲಿ ರೂಪುಗೊಂಡ ತಂಡದ ಹೆಸರು ಯಕ್ಷರಂಗ. ಏನು ಬದಲಾಯಿತು ಅಂತ ನೋಡಿ.

ಮೊದಲು ಸಮಯ. ರಾತ್ರಿ ಒಂಬತ್ತೂವರೆಗೆ ಶುರುವಾಗಿ ಬೆಳಗಿನ ಜಾವ ಕೋಳಿ ಕೂಗುವವರೆಗೆ ನಡೆಯುವ ಪ್ರಸಂಗ ಎರಡು ಮೂರು ಗಂಟೆಗೆ ಇಳಿಯಿತು. ಸುಮ್ಮನೆ ಫಾಸ್ಟ್ ಫಾರ್ವರ್ಡ್ ಮಾಡಿದರೆ ಇದು ಆಗುವುದಿಲ್ಲ. ಒಡ್ಡೋಲಗ ಎಷ್ಟು, ಯುದ್ಧ ಎಷ್ಟು, ಯಾವ ಪದ್ಯ ಇರಬೇಕು ಅಂತ ಒಂದೊಂದನ್ನೂ ತೂಗಿ ಇಡಬೇಕು.

ಎರಡನೆಯದು ಮಾತು. ಮಾತನ್ನು ಅವರು ತೆಗೆದೇಬಿಟ್ಟರು. ಅರ್ಥಗಾರಿಕೆ ಇಲ್ಲ. ಭಾಗವತರ ಹಾಡು ಇದೆ, ಕುಣಿತ ಇದೆ, ಅಭಿನಯ ಇದೆ. ಕಥೆ ಅಷ್ಟರಲ್ಲೇ ಗೊತ್ತಾಗಬೇಕು. ನಳದಮಯಂತಿ ಇಂಥ ಪ್ರಯೋಗಕ್ಕೆ ಹೇಳಿ ಮಾಡಿಸಿದ ಕಥೆ. ಹಂಸ ಬರುತ್ತದೆ, ಸ್ವಯಂವರ ಇದೆ, ಕಲಿ ಹಿಡಿಯುತ್ತಾನೆ, ಕಾಡುಕಿಚ್ಚಿನ ನಡುವೆ ಕಾರ್ಕೋಟಕ ಸಿಗುತ್ತಾನೆ. ಹಂಸ ಹೇಗೆ ನಡೆಯುತ್ತದೆ ಅಂತ ಕುಣಿದು ತೋರಿಸಲು ಕನ್ನಡ ಬೇಡ, ಇಂಗ್ಲಿಷೂ ಬೇಡ.

ಮೂರನೆಯದು ಹಿಮ್ಮೇಳ. ಚೆಂಡೆ, ಮದ್ದಳೆ, ತಾಳದ ಜೊತೆಗೆ ಕಾರಂತರು ಪಿಟೀಲು ತಂದರು, ಸ್ಯಾಕ್ಸೋಫೋನ್ ತಂದರು. ಮಾತು ಹೋದ ಜಾಗ ಖಾಲಿ ಬಿಡಲಾಗುವುದಿಲ್ಲವಲ್ಲ, ಅಲ್ಲಿ ಭಾವ ಹಿಡಿದು ನಿಲ್ಲಿಸಲು ಎಳೆದು ನುಡಿಸುವ ವಾದ್ಯ ಬೇಕಿತ್ತು. ಯಕ್ಷಗಾನದಲ್ಲಿ ಸ್ಯಾಕ್ಸೋಫೋನಾ ಅಂತ ಹುಬ್ಬೇರಿಸಿದವರು ತುಂಬಾ ಜನ. ಇಲ್ಲಿ ಒಂದು ಮಾತು ಹೇಳಲೇಬೇಕು. ಇವತ್ತು ಬಂಟ್ವಾಳ ತಾಲೂಕಿನ ಯಾವ ಮದುವೆಗೆ, ಯಾವ ದೈವದ ಕೋಲಕ್ಕೆ ಹೋದರೂ ಸ್ಯಾಕ್ಸೋಫೋನ್ ಕೇಳುತ್ತದೆ, ಯಾರೂ ಹುಬ್ಬೇರಿಸುವುದಿಲ್ಲ. ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಕದ್ರಿ ಗೋಪಾಲನಾಥರು ಇದೇ ತಾಲೂಕಿನ ಸಜೀಪದವರು. ಅವರ ತಂದೆ ನಾಗಸ್ವರ ನುಡಿಸುತ್ತಿದ್ದರು. ಹೊರಗಿನದು ಅಂತ ಬಂದ ವಾದ್ಯ ಎರಡು ತಲೆಮಾರಿನಲ್ಲಿ ಊರಿನದ್ದೇ ಆಗಿಬಿಟ್ಟಿತು.

ನಾಲ್ಕನೆಯ ವಿಷಯ ನನಗೆ ಎಲ್ಲಕ್ಕಿಂತ ವಿಚಿತ್ರ ಅನಿಸುತ್ತದೆ. ವೇಷಭೂಷಣದಲ್ಲಿ ಅವರು ಮುಂದಕ್ಕಲ್ಲ, ಹಿಂದಕ್ಕೆ ಹೋದರು. ಮಖಮಲ್ಲು ತೆಗೆದು ಹಳೇ ಚೌಕಳಿ ಸೀರೆ, ಹಳೇ ಮುಂಡಾಸು, ಹಳೇ ಬಣ್ಣಕ್ಕೆ ಮರಳಿದರು. ಅಂದರೆ ಹೊರದೇಶಕ್ಕೆ ಅಂತ ಮಾಡಿದ ಆವೃತ್ತಿಯಲ್ಲಿ ಊರಿನ ಡೇರೆಯಲ್ಲಿ ಇಲ್ಲದ ಹಳೇತನ ಇತ್ತು! ಊರಿನವರಿಗೆ ನೈಲಾನು, ಹೊರಗಿನವರಿಗೆ ಅಜ್ಜನ ಕಾಲದ ಕೇದಗೆ ಮುಂದಲೆ. ಇದರಲ್ಲಿ ಯಾವುದು ಒರಿಜಿನಲ್, ಯಾವುದು ರೀಮಿಕ್ಸ್ ಅಂತ ಹೇಳುವುದು ಅಷ್ಟು ಸುಲಭ ಇಲ್ಲ.

ಯಕ್ಷರಂಗ ದೇಶದ ಹಲವು ಕಡೆ, ಆಮೇಲೆ ಹೊರದೇಶಗಳಲ್ಲೂ ಆಟ ಆಡಿತು. ಎಪ್ಪತ್ತು ದಾಟಿದ ಕಾರಂತರು ಮೇಷ್ಟ್ರ ಹಾಗೆ ನಿಂತು ಹುಡುಗರನ್ನು ತಿದ್ದುತ್ತಿದ್ದರು, ತಾವೇ ಹೆಜ್ಜೆ ಹಾಕಿ ತೋರಿಸುತ್ತಿದ್ದರು. ನಿದ್ದೆಗೆಟ್ಟು ಗದ್ದೆಯಲ್ಲಿ ಕುಣಿದು ಅಭ್ಯಾಸ ಇದ್ದ ಕಲಾವಿದರಿಗೆ ಗಡಿಯಾರ ನೋಡಿ ಕುಣಿಯುವುದು ಹೊಸ ಶಿಸ್ತು. ಇಂತಿಷ್ಟೇ ನಿಮಿಷ ಅಂದರೆ ಇಂತಿಷ್ಟೇ ನಿಮಿಷ. ಆ ತಂಡದಲ್ಲಿ ಪಳಗಿದವರಲ್ಲಿ ಒಬ್ಬರು ಬನ್ನಂಜೆ ಸಂಜೀವ ಸುವರ್ಣ. ಮುಂದೆ ಅವರೇ ಕೇಂದ್ರದ ಗುರುಗಳಾದರು.

ಊರಿನಲ್ಲಿ ಏನಾಯಿತು? ಬೈಗುಳ. ಇದು ಯಕ್ಷಗಾನವೇ ಅಲ್ಲ, ಬ್ಯಾಲೆ ಅಂದರು. ಮಾತಿಲ್ಲದ ಆಟ ಉಪ್ಪಿಲ್ಲದ ಊಟ ಅನ್ನುವ ಥರದ ಟೀಕೆ. ಕಾರಂತರಿಗೆ ಇದರಿಂದ ನಿದ್ದೆ ಕೆಟ್ಟ ಹಾಗೆ ಕಾಣುವುದಿಲ್ಲ. ಬ್ಯಾಲೆ ಅಂತ ಅವರೇ ಕರೆಯುತ್ತಿದ್ದರು, ತಂಡಕ್ಕೂ ಬೇರೆ ಹೆಸರು ಇಟ್ಟಿದ್ದರು. ಈ ಪ್ರಾಮಾಣಿಕತೆ ನನಗೆ ಇಷ್ಟ. ಕ್ಯಾಪಿಟಲ್ ಕಂಪನಿ 12 ಹಾಡಿನ ಆಲ್ಬಂ ಮೇಲೂ ಅದೇ ‘ರಬ್ಬರ್ ಸೋಲ್’ ಅಂತ ಅಚ್ಚು ಹಾಕಿತು. ಕೊಂಡವನಿಗೆ ತನ್ನ ಕೈಯಲ್ಲಿ ಇರುವುದು ಕತ್ತರಿಸಿದ್ದು ಅಂತ ಗೊತ್ತಾಗುವ ದಾರಿ ಇರಲಿಲ್ಲ. ಕಾರಂತರು ಹಾಗೆ ಮಾಡಲಿಲ್ಲ. ಇದು ಬೇರೆ ವಸ್ತು, ಬೇಕಾದವರು ನೋಡಿ ಅನ್ನುವ ಧೋರಣೆ.

ಆದರೆ ಟೀಕೆ ಮಾಡಿದವರ ಪಕ್ಷವನ್ನೂ ಸ್ವಲ್ಪ ವಹಿಸಬೇಕು. ನಮ್ಮ ತೆಂಕಿನ ಕಡೆ ಮಾತು ಅಂದರೆ ಸಣ್ಣ ವಿಷಯ ಅಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿಯೋ ಮಾಗಧನಾಗಿಯೋ ಮಾತಿಗೆ ನಿಂತರೆ ಅದನ್ನು ಕೇಳಲೆಂದೇ ಜನ ಮೈಲಿಗಟ್ಟಲೆ ನಡೆದು ಬರುತ್ತಿದ್ದರು. ಸ್ಕ್ರಿಪ್ಟ್ ಇಲ್ಲ, ರಿಹರ್ಸಲ್ ಇಲ್ಲ. ಎದುರಿನವನು ಏನು ಹೇಳುತ್ತಾನೋ ಅದಕ್ಕೆ ಅಲ್ಲೇ ಉತ್ತರ. ಮಾತು ಎಷ್ಟು ಮುಖ್ಯ ಅಂದರೆ, ವೇಷ, ಕುಣಿತ ಎರಡನ್ನೂ ಬಿಟ್ಟು ಕೂತು ಬರೀ ಮಾತಾಡುವ ತಾಳಮದ್ದಳೆ ಅನ್ನುವ ಇನ್ನೊಂದು ಪ್ರಕಾರವೇ ನಮ್ಮಲ್ಲಿ ಉಂಟು. ಒಂದೇ ಪ್ರಸಂಗ, ಅದೇ ಪದ್ಯ. ತಾಳಮದ್ದಳೆಯವರು ಕುಣಿತ ತೆಗೆದು ಮಾತು ಇಟ್ಟುಕೊಂಡರು, ಕಾರಂತರು ಮಾತು ತೆಗೆದು ಕುಣಿತ ಇಟ್ಟುಕೊಂಡರು. ಮೊದಲನೆಯದು ಮನೆಯ ಚಾವಡಿಗೆ ಬೇಕಾದ ಆವೃತ್ತಿ, ಎರಡನೆಯದು ವಿಮಾನ ಹತ್ತಬೇಕಾದ ಆವೃತ್ತಿ. ಫೋಟೋವನ್ನು ಕಂಪ್ರೆಸ್ ಮಾಡಿದಾಗ ಏನೋ ಒಂದು ಹೋಗುತ್ತದೆ, ವಾಪಸ್ ಬರುವುದಿಲ್ಲ ಅಂತ ನಾವು ಕ್ಲಾಸಿನಲ್ಲಿ ಕಲಿಯುತ್ತೇವಲ್ಲ, ಹಾಗೆ. ಕಾರಂತರ ಆಟ ನೋಡಿದ ಹೊರಗಿನವರಿಗೆ ವಾಲಿಯ ಬಣ್ಣ ಕಾಣಿಸಬಹುದು, ಸಾಯುವಾಗ ರಾಮನನ್ನು ಅವನು ಕೇಳುವ ಪ್ರಶ್ನೆಗಳು ಕೇಳಿಸುವುದಿಲ್ಲ. ನನ್ನ ಪ್ರಕಾರ ಅದು ದೊಡ್ಡ ನಷ್ಟ.

ಇನ್ನು ಪೂರ್ತಿ ಆಟವನ್ನೇ ಹುಡುಕಿಕೊಂಡು ಬಂದ ಹೊರಗಿನವರೂ ಇದ್ದರು. ಅಮೆರಿಕದ ಮಾರ್ತಾ ಆಷ್ಟನ್ ಉಡುಪಿ ಕಡೆ ಬಂದು ಹಿರಿಯಡ್ಕ ಗೋಪಾಲ ರಾಯರ ಹತ್ತಿರ ಹೆಜ್ಜೆ ಕಲಿತು, ಬಡಗುತಿಟ್ಟಿನ ಬಗ್ಗೆ ಡಾಕ್ಟರೇಟ್ ಮಾಡಿದರು. ಮದ್ದಳೆಯ ಗುರು ಗೋಪಾಲ ರಾಯರು ಅಮೆರಿಕಕ್ಕೂ ಹೋಗಿ ಬಂದರು. ಆದ್ದರಿಂದ ಹೊರಗಿನವರಿಗೆ ಇಷ್ಟೇ ಸಾಕು ಅಂತ ನಾವೇ ತೀರ್ಮಾನ ಮಾಡುವುದು ಸರಿಯಲ್ಲ ಅಂತಲೂ ವಾದ ಮಾಡಬಹುದು. ಆದರೆ ಎಲ್ಲರೂ ಮಾರ್ತಾ ಆಷ್ಟನ್ ಆಗುವುದಿಲ್ಲ. ಒಂದು ಸಂಜೆಗೆ ಟಿಕೆಟ್ ತೆಗೆದು ಬಂದವನಿಗೆ ತೋರಿಸಲು ಏನಾದರೂ ಬೇಕು.

ಕಾರಂತರ ಉಳಿದ ಬದುಕನ್ನು ಬೇಗ ಹೇಳಿಬಿಡುತ್ತೇನೆ, ಅದೆಲ್ಲ ಬೇರೆ ಕಡೆ ಸಿಗುತ್ತದೆ. ‘ಮೂಕಜ್ಜಿಯ ಕನಸುಗಳು’ ಕಾದಂಬರಿಗೆ ಜ್ಞಾನಪೀಠ ಬಂತು. 1968ರಲ್ಲಿ ಬಂದ ಪದ್ಮಭೂಷಣವನ್ನು ತುರ್ತು ಪರಿಸ್ಥಿತಿ ಹೇರಿದಾಗ ವಾಪಸ್ ಕೊಟ್ಟರು. ಕೈಗಾ ಅಣುಸ್ಥಾವರದ ವಿರುದ್ಧ ಹೋರಾಡಿ, 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು. ಆಗ ಅವರಿಗೆ 87 ವರ್ಷ. ಇಂಜಿನಿಯರಿಂಗ್ ಓದುವ ನಮ್ಮಲ್ಲಿ ಕೆಲವರು ಕೈಗಾ ವಿಷಯದಲ್ಲಿ ಅವರ ಜೊತೆ ಜಗಳ ಆಡಬಹುದು. ಅವರು ಖಂಡಿತ ಜಗಳಕ್ಕೆ ಸಿಗುತ್ತಿದ್ದರು. 40ಕ್ಕೂ ಹೆಚ್ಚು ಕಾದಂಬರಿ ಬರೆದು, 1997ರ ಡಿಸೆಂಬರ್ 9ರಂದು ಮಣಿಪಾಲದಲ್ಲಿ ತೀರಿಕೊಂಡರು. ನಮ್ಮ ಬ್ಯಾಚಿನ ಯಾರೂ ಆಗ ಹುಟ್ಟಿರಲಿಲ್ಲ.

ಅವರು ಹೋದ ಮೇಲೆ ಊರಿನಲ್ಲಿ ನಡೆದದ್ದನ್ನು ನೋಡಿದರೆ ನಗು ಬರುತ್ತದೆ, ಬೇಜಾರೂ ಆಗುತ್ತದೆ. ಯಾವ ಕತ್ತರಿಗೆ ಕಾರಂತರನ್ನು ಬೈದರೋ ಆ ಕತ್ತರಿ ಈಗ ಊರಿನ ಒಳಗೇ ಬಂದಿದೆ. ಕಾಲಮಿತಿ ಯಕ್ಷಗಾನ ಅನ್ನುವುದು ಈಗ ಸಾಮಾನ್ಯ ಶಬ್ದ. ಧರ್ಮಸ್ಥಳ ಮೇಳದ ಆಟವೇ ಈಗ ಸಂಜೆ ಶುರುವಾಗಿ ನಡುರಾತ್ರಿಗೆ ಮುಗಿಯುತ್ತದೆ. ಮರುದಿನ ಆಫೀಸು, ಶಾಲೆ ಇರುವವರಿಗೆ ಅನುಕೂಲ, ನಿಜ. ನಮಗೂ ಇಂಟರ್ನಲ್ಸ್ ಇರುತ್ತದೆ. ಇದರ ಮೇಲೆ ಮೊಬೈಲಿನಲ್ಲಿ ಮೂವತ್ತು ಸೆಕೆಂಡಿನ ಗಿರಕಿ. ಮಹಿಷಾಸುರ ದೊಂದಿ ಹಿಡಿದು ಜನರ ನಡುವಿಂದ ಬರುವುದು, ಅಷ್ಟೇ. ಅವನು ಯಾಕೆ ಬಂದ, ಮುಂದೆ ಏನಾದ ಅಂತ ಇಲ್ಲ.

ವ್ಯತ್ಯಾಸ ಎಲ್ಲಿ ಅಂದರೆ, ಕಾರಂತರು ತಾಳೆಗರಿ ಓದಿ, ಮುದುಕ ಭಾಗವತರ ಎದುರು ಕೂತು, ಏನನ್ನು ಬಿಡುತ್ತಿದ್ದೇನೆ ಅಂತ ಗೊತ್ತಿದ್ದು ಬಿಟ್ಟರು. ಬಿಟ್ಟದ್ದನ್ನು ಪುಸ್ತಕದಲ್ಲಿ ಬರೆದೂ ಇಟ್ಟರು. ಈಗ ನಡೆಯುವ ಕತ್ತರಿ ಕೆಲಸಕ್ಕೆ ಅಂಥ ಪುಸ್ತಕ ಯಾರು ಬರೆಯುತ್ತಿದ್ದಾರೆ ಅನ್ನುವುದೇ ನನ್ನ ಪ್ರಶ್ನೆ. ನಮ್ಮ ಕಾಲೇಜಿನಲ್ಲೇ ಯಕ್ಷಗಾನ ತಂಡ ಇರುವವರು, ಕಾಂಪಿಟಿಷನ್‌ಗೆ ಅರ್ಧ ಗಂಟೆಯ ಪ್ರಸಂಗ ರೆಡಿ ಮಾಡುವವರು ಇದನ್ನು ಸ್ವಲ್ಪ ಯೋಚಿಸಬೇಕು. ಬಿಟ್ಟ ಪದ್ಯಗಳು ಯಾವುವು ಅಂತ ತಂಡದಲ್ಲಿ ಒಬ್ಬನಿಗಾದರೂ ಗೊತ್ತಿರಲಿ.

ಉಡುಪಿಯ ಯಕ್ಷಗಾನ ಕೇಂದ್ರ ಈಗ ಇಂದ್ರಾಳಿಯಲ್ಲಿ ಮಣಿಪಾಲದ ಮಾಹೆ ಆಶ್ರಯದಲ್ಲಿ ನಡೆಯುತ್ತಿದೆ. ಮಕ್ಕಳು ಅಲ್ಲೇ ಉಳಿದುಕೊಂಡು ಶಾಲೆಗೂ ಹೋಗುತ್ತಾ ಹೆಜ್ಜೆ ಕಲಿಯುತ್ತಾರೆ. ಪುಸ್ತಕ ಓದಬೇಕು ಅನಿಸಿದವರು ಲೈಬ್ರರಿಯಲ್ಲಿ ‘ಯಕ್ಷಗಾನ ಬಯಲಾಟ’ ಕೇಳಿ ನೋಡಿ. ಇನ್ನು ಪುಂಜಾಲಕಟ್ಟೆ, ಮಡಂತ್ಯಾರು ಕಡೆಯವರಿಗೆ ಬಾಲವನ ದೂರವೇನಲ್ಲ. ಬಿ.ಸಿ. ರೋಡಿಗೆ ಬಂದು ಪುತ್ತೂರು ಬಸ್ ಹತ್ತಿದರೆ ಮಾಣಿ, ಕಬಕ ದಾಟಿ ಪುತ್ತೂರು, ಅಲ್ಲಿಂದ ಪರ್ಲಡ್ಕ. ಅವರು ಇದ್ದ ಮನೆ ಇನ್ನೂ ಇದೆ. ಭಾನುವಾರ ಬೆಳಿಗ್ಗೆ ಹೊರಟರೆ ಸಂಜೆ ಹಾಸ್ಟೆಲ್ ಮೆಸ್ಸಿನ ಊಟದ ಹೊತ್ತಿಗೆ ವಾಪಸ್ ಬರಬಹುದು.